ರೇಡಿಯೇಟರ್ ಮಹೋದಯರ ಹೊಟ್ಟೆಯ ತುಕ್ಕಿನ ವಿಷಯವಾಗಿ

ಮಾನ್ಯರೇ,

ಕುವೈತಿನ ಮೈದಾನ್ ಹವಲ್ಲಿಯಲ್ಲಿ ನಮ್ಮ ಕಟ್ಟಡದ ಹಿಂಬದಿಯ ಮರಳು ಜಾಗದಲ್ಲಿ, ಮರವೆಂದು ಎಲ್ಲರೂ ದಾಕ್ಷಿಣ್ಯಕ್ಕೆ ಒಪ್ಪಿಕೊಂಡಿರುವ ಒಂದು ಗಿಡದ ಅರೆನೆರಳಿನಲ್ಲಿ, ಬೆಳ್ಳಿ ಬಣ್ಣದ ಹಳೆಯ ಕಾರೊಂದರ ಬಾನೆಟ್ಟಿನ ಕೆಳಗೆ ವಿರಾಜಮಾನರಾಗಿರುವ ತಮಗೆ, ಆ ಕಾರಿನ ಮಾಲಿಕನೂ ಚಾಲಕನೂ ತೊಳೆಯುವವನೂ ಆದ ನೊರ್ಬರ್ಟ್ ಮೊಂತೇರೊ ಎಂಬ ನಾನು ಬಾಗಿ ಮಾಡುವ ವಂದನೆಗಳು. ಬಾಗದೆ ತಮ್ಮ ದರ್ಶನವಾಗುವುದೂ ಇಲ್ಲವಷ್ಟೆ. ತಾವು ಕ್ಷೇಮವಾಗಿದ್ದೀರೆಂದು ಡ್ಯಾಶ್‌ಬೋರ್ಡಿನ ಮುಳ್ಳಿನ ಮೂಲಕ ದಿನವೂ ತಿಳಿದುಬರುತ್ತಿದೆ, ಸಂತೋಷ. ಇತ್ತ ನಾನು ಕ್ಷೇಮವಾಗಿಲ್ಲ.

ಇಷ್ಟು ಉಪಚಾರದ ಬಳಿಕ ದೂರಿಗೆ ಬರುತ್ತೇನೆ. ತಮ್ಮ ಕಾರಣದಿಂದ, ತಮ್ಮೊಬ್ಬರ ಕಾರಣದಿಂದ ಮಾತ್ರ ಎಂದು ನಾನು ಒತ್ತಿ ಹೇಳಬಯಸುತ್ತೇನೆ, ನಮ್ಮ ಕೆಳಗಿನ ಮಹಡಿಯ ಮಮ್ಮಾಲಿಯವರು ಈ ಜುಲೈ ತಿಂಗಳ ಬಿಸಿಲಿನಲ್ಲಿ ತಲೆಯ ಮೇಲೆ ಒದ್ದೆ ಕರ್ಚೀಫು ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದಾರೆ. ನಾನಾದರೋ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಅವರು ಹೋಗಬೇಕಾದ ಅದೇ ಮಿರ್ಕಾಬಿಗೆ, ಪಕ್ಕದಲ್ಲಿ ಖಾಲಿ ಸೀಟು ಇಟ್ಟುಕೊಂಡು ತಣ್ಣನೆಯ ಎ.ಸಿ.ಯಲ್ಲಿ ಹೋಗುತ್ತಿದ್ದೇನೆ. ಮೊನ್ನೆ ಬಸ್ ಸ್ಟಾಪಿನ ಎದುರು ಗಾಡಿ ನಿಧಾನ ಮಾಡಿ ಕಿಟಕಿ ಇಳಿಸಿದೆ. ಅವರು ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ, "ಬೇಡ ಪೊರ್ಬುಗಳೇ, ನಾನು ಕೂತ ಮೇಲೆ ಗಾಡಿಗೆ ಎಂತಾದ್ರೂ ಆದ್ರೆ ಮತ್ತೆ ಕಷ್ಟ" ಎಂದರು. ಪೊರ್ಬುಗಳು ಎಂಬುದು ನಮ್ಮ ಊರ ಕಡೆ ಬ್ಯಾರಿಗಳು ನಮ್ಮಂಥ ಕ್ರೈಸ್ತರನ್ನು ಕರೆಯುವ ಹಳೆಯ ಗೌರವದ ಮಾತು. ಅಷ್ಟು ಗೌರವದಿಂದ ಹೊಡೆಸಿಕೊಂಡ ಅನುಭವ ನನಗೆ ಹಿಂದೆಂದೂ ಆಗಿರಲಿಲ್ಲ.

ತಾವು ಬಾನೆಟ್ಟಿನೊಳಗೆ ವಾಸಿಸುವವರು, ಹಿಂದೆ ಸೀಟಿನಲ್ಲಿ ಯಾರು ಕೂರುತ್ತಾರೆ, ಏನು ಮಾತಾಡುತ್ತಾರೆ ಎಂಬುದು ತಮ್ಮ ಗಮನಕ್ಕೆ ಬಂದಿರಲಾರದು, ಆದ್ದರಿಂದ ನಿವೇದಿಸಿಕೊಳ್ಳುತ್ತೇನೆ. ಮಮ್ಮಾಲಿಯವರು ಬಂಟ್ವಾಳದ ಕಡೆಯವರು. ಮಿರ್ಕಾಬಿನ ಬಟ್ಟೆಯಂಗಡಿಯೊಂದರಲ್ಲಿ ಥಾನು ಬಿಚ್ಚಿ ಅಳೆದು ಕೊಡುವ ಕೆಲಸ ಅವರದು. ಅದರ ಹಿಂದಿನ ಗಲ್ಲಿಯಲ್ಲಿ ನನ್ನ ಆಫೀಸು. ನನ್ನ ಮಗಳು ಸ್ಯಾಂಡ್ರಾ ಹುಟ್ಟುವುದಕ್ಕೂ ಮೊದಲಿನಿಂದ ಬೆಳಗಿನ ಪ್ರಯಾಣ ನಮ್ಮದು ಒಟ್ಟಿಗೆ. ಫ್ಲಾಸ್ಕಿನಲ್ಲಿ ಸುಲೈಮಾನಿ ಚಹಾ ತರುವವರು ಅವರು, ಅದರಲ್ಲಿ ಹೆಚ್ಚು ಪಾಲು ಕುಡಿಯುವವನು ನಾನು. ಇಂಡಿಕೇಟರ್ ಹಾಕದೆ ನುಗ್ಗುವ ದೊಡ್ಡ ಗಾಡಿಯವರಿಗೆ, ಕಿಟಕಿ ಸರಿಯಾಗಿ ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ, ಬ್ಯಾರಿ ಭಾಷೆಯಲ್ಲಿ ಬೈಯುವ ಹೊಣೆಯೂ ಅವರದೇ ಆಗಿತ್ತು. ಈಗ ಆ ಕೆಲಸವನ್ನು ನಾನೇ ಕೊಂಕಣಿಯಲ್ಲಿ ಮಾಡಬೇಕಾಗಿದೆ, ಅದಕ್ಕೆ ಆ ರುಚಿ ಇಲ್ಲ. ಹಬ್ಬಕ್ಕೆ ಅವರ ಮನೆಯಿಂದ ನಮ್ಮಲ್ಲಿಗೆ, ಕ್ರಿಸ್ಮಸ್ಸಿಗೆ ನಮ್ಮ ಮನೆಯಿಂದ ಅವರಲ್ಲಿಗೆ ತಟ್ಟೆಗಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು. ಇದೆಲ್ಲವನ್ನೂ ತಾವು ಒಂದೇ ಬೆಳಿಗ್ಗೆ ಆವಿ ಮಾಡಿಬಿಟ್ಟಿರಿ.

ಹಾಗೆಂದು ತಮ್ಮ ಸಹನೆಯನ್ನು ನಾನು ಅಲ್ಲಗಳೆಯುವವನಲ್ಲ. ಎಷ್ಟೋ ವರ್ಷಗಳ ಕಾಲ ನಾನು ತಮಗೆ ಕೂಲಂಟ್ ಎಂಬ ಹಸಿರು ಪಾನೀಯವನ್ನು ಕುಡಿಸಲಿಲ್ಲ. ಬಣ್ಣದ ನೀರಿಗೆ ದುಡ್ಡು ಕೊಡುವವರು ಬುದ್ಧಿ ಇಲ್ಲದವರು ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು; ಆ ಅಭಿಪ್ರಾಯವನ್ನು ಊರಿನವರ ಕೂಟಗಳಲ್ಲಿ ಬಿರಿಯಾನಿ ತಟ್ಟೆ ಹಿಡಿದು ನಿಂತು ಅನೇಕರಿಗೆ ಧಾರೆ ಎರೆದಿದ್ದೇನೆ. ತಮಗೆ ನಲ್ಲಿಯ ನೀರು, ಅದೂ ಬೇಸಿಗೆಯಲ್ಲಿ ಕೊಡದಲ್ಲಿ ಹಿಡಿದಾಗಲೇ ಅಕ್ಕಿ ಹಾಕಿದರೆ ಬೇಯುವಷ್ಟು ಬಿಸಿಯಿರುವ ನೀರು. ತಾವು ತುಟಿಪಿಟಕ್ಕೆನ್ನದೆ ಕುಡಿದಿರಿ. ಒಳಗೊಳಗೇ ತುಕ್ಕು ಹಿಡಿಸಿಕೊಂಡಿರಿ, ಹೊರಗೆ ಮಾತ್ರ ಮುಖ ಬಾಡಲು ಬಿಡಲಿಲ್ಲ. ಈ ದೇಶದಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ನಮ್ಮವರಲ್ಲಿ ಬಹಳ ಮಂದಿ ಹೀಗೆಯೇ ಇದ್ದಾರೆ, ಆ ಮಟ್ಟಿಗೆ ತಾವು ನಮ್ಮ ಸಮುದಾಯದ ಗೌರವಾನ್ವಿತ ಸದಸ್ಯರೇ ಸರಿ.

ಈ ವರ್ಷ ಗಾಡಿಯ ದಫ್ತರ್, ಅಂದರೆ ನೋಂದಣಿ ಪುಸ್ತಕ, ನವೀಕರಿಸುವ ಮೊದಲು ತಪಾಸಣೆಗೆ ಒಯ್ಯಬೇಕಲ್ಲ ಎಂದು ಒಂದು ದಿನ ತಮ್ಮ ಮುಚ್ಚಳ ತೆಗೆದು ನೋಡಿದೆ. ಒಳಗೆ ಇದ್ದದ್ದು ನೀರಲ್ಲ, ಕಡು ಕಂದು ಬಣ್ಣದ ಕಷಾಯ. ಬುದ್ಧಿ ಇದ್ದವನು ಆಗಲೇ ಗ್ಯಾರೇಜಿಗೆ ಹೋಗುತ್ತಿದ್ದ. ನಾನು ಫೋನು ತೆರೆದೆ. ಅಲ್ಲಿ ಒಬ್ಬ ಗಡ್ಡದ ಮಹಾಶಯ, ಎಲ್ಲೋ ಹಿಮ ಬೀಳುವ ದೇಶದವನು, ನಮ್ಮ ಇಡೀ ಫ್ಲ್ಯಾಟಿಗಿಂತ ದೊಡ್ಡದಾದ ತನ್ನ ಸ್ವಂತ ಶೆಡ್ಡಿನಲ್ಲಿ ನಿಂತು, ಹಳೆಯ ಕಾರಿನ ತುಕ್ಕಿಗೆ ಅಡುಗೆಮನೆಯ ಕಪಾಟಿನಲ್ಲೇ ಔಷಧವಿದೆ ಎಂದು ನಗುನಗುತ್ತಾ ಸಾರುತ್ತಿದ್ದ. ಮೊದಲು ಪಾತ್ರೆ ತೊಳೆಯುವ ಯಂತ್ರದ ಪುಡಿ ಹಾಕಿ ಎಣ್ಣೆ ಜಿಡ್ಡು ತೆಗೆಯಿರಿ, ಆಮೇಲೆ ಎರಡು ಬಾಟಲಿ ಬಿಳಿ ವಿನೇಗರ್ ಹಾಕಿ ತುಕ್ಕು ಕರಗಿಸಿರಿ, ಕೊನೆಗೆ ಒಂದು ಚಿಟಿಕೆ ಅಡಿಗೆ ಸೋಡಾ, ಬರೀ ನೀರು, ಮುಗಿಯಿತು. ಆ ಮನುಷ್ಯನ ಮಾತಿನಲ್ಲಿ ಎಂಥ ಆತ್ಮವಿಶ್ವಾಸ! ಪಾದ್ರಿಗಳ ಪ್ರಸಂಗದಲ್ಲೂ ನಾನು ಅಷ್ಟು ಗಮನವಿಟ್ಟು ಕೂತದ್ದಿಲ್ಲ, ಇದನ್ನು ನನ್ನ ಹೆಂಡತಿ ಡೆಲ್ಮಾ ಬೇಕಾದರೆ ದೃಢೀಕರಿಸುತ್ತಾಳೆ.

ಇಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬಂದವನೇ ಬನಿಯನ್ ಹಾಕಿಕೊಂಡು ಕೆಳಗಿಳಿದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರವಿಲ್ಲ, ತೊಳೆಯುವವನು ನಾನು. ಆದ್ದರಿಂದ ನಾನು ದಿನವೂ ಬಳಸುವ ನಿಂಬೆ ಪರಿಮಳದ ಸೋಪನ್ನೇ ತಮಗೂ ಧಾರಾಳವಾಗಿ ಅರ್ಪಿಸಿದೆ. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ತಮ್ಮ ಬಾಯಿಂದ ನೊರೆ ಬಂತು. ಅದು ಬರುತ್ತಲೇ ಇತ್ತು. ಬಂಪರ್ ಮುಳುಗಿತು, ನನ್ನ ಚಪ್ಪಲಿ ಮುಳುಗಿತು, ಪಕ್ಕದ ಗಾಡಿಯ ಚಕ್ರದವರೆಗೂ ಹೋಯಿತು. ಕಟ್ಟಡ ನೋಡಿಕೊಳ್ಳುವ ಈಜಿಪ್ತಿನ ಹಾರಿಸ್ ತನ್ನ ಕೋಣೆಯಿಂದ ಹೊರಗೆ ಬಂದು ನೋಡಿ, ಒಳಗೆ ಹೋಗಿ, ತನ್ನ ಬಕೆಟ್ಟು ತಂದು ಆ ನೊರೆಯಲ್ಲೇ ಮೆಟ್ಟಿಲು ತೊಳೆದುಕೊಂಡ.

ಆಮೇಲೆ ವಿನೇಗರ್ ಸರದಿ. ಜಮಿಯಾ ಎಂಬ ಸಹಕಾರಿ ಅಂಗಡಿಯಿಂದ ತಂದ ಒಂದು ಬಾಟಲಿ ಇತ್ತು. ಎರಡು ಬೇಕೆಂದು ಗಡ್ಡದವನು ಹೇಳಿದ್ದ. ಮೇಲೆ ಓಡಿ ಹೋಗಿ ಅಡುಗೆಮನೆಯಲ್ಲಿ ಹುಡುಕಿದರೆ ದೇವರ ದಯೆಯಿಂದ ಸ್ಟೌವಿನ ಹಿಂದೆ ಅಂಥದ್ದೇ ಇನ್ನೊಂದು ಬಿಳಿ ಬಾಟಲಿ, ಅದೇ ಚೀಟಿ, ಅದೇ ಕೆಂಪು ಮುಚ್ಚಳ, ಕುತ್ತಿಗೆಯವರೆಗೆ ತುಂಬಿತ್ತು. ಮೊದಲನೆಯದನ್ನು ಸುರಿದಾಗಲೇ ಅದರ ಘಾಟಿಗೆ ಕಣ್ಣು ಮೂಗು ಎರಡೂ ಕಟ್ಟಿಹೋಗಿದ್ದವು. ಎರಡನೆಯದನ್ನು ನಾನು ನೀರಿಳಿಯುವ ಕಣ್ಣಿನಿಂದ, ಮೂಗಿಗೆ ಟವೆಲು ಕಟ್ಟಿಕೊಂಡು, ಕೊನೆಯ ಹನಿಯವರೆಗೆ ತಮ್ಮ ಬಾಯಿಗೆ ಹುಯ್ದೆ.

ಇನ್ನೊಂದು ವಿಧಿ ಬಾಕಿಯಿತ್ತು. ಔಷಧಿ ಮೂಲೆ ಮೂಲೆಗೂ ಹೋಗಬೇಕಾದರೆ ಗಾಡಿಯ ಹೀಟರನ್ನು ಪೂರ್ತಿ ತಿರುಗಿಸಿಡಬೇಕು ಎಂದು ಆ ಹಿಮದ ದೇಶದವನ ಅಪ್ಪಣೆ. ಅಲ್ಲಿ ಅದು ಸುಖವೇ ಇರಬಹುದು. ಇಲ್ಲಿ ಮಧ್ಯಾಹ್ನದ ಹೊತ್ತು ಗಾಡಿಯ ಬಾಗಿಲಿನ ಹಿಡಿಯನ್ನು ಮುಟ್ಟುವುದಕ್ಕೂ ಬಟ್ಟೆ ಬೇಕು. ಆದರೂ ನಾನು ಒಳಗೆ ಕೂತು, ಹೀಟರ್ ಹಾಕಿಕೊಂಡು, ಆಕ್ಸಿಲರೇಟರ್ ಒತ್ತುತ್ತಾ, ತಮ್ಮ ಆರೋಗ್ಯಕ್ಕಾಗಿ ಬೆಂದೆ. ಹಾರಿಸ್ ಒಂದು ಬಾಟಲಿ ನೀರು ತಂದು ಕಿಟಕಿಯಿಂದ ಒಳಗಿಟ್ಟು, "ಮಜ್ನೂನ್" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೋದ. ಹುಚ್ಚ ಎಂಬುದಕ್ಕೆ ಅವರಲ್ಲಿ ಹಾಗೆನ್ನುತ್ತಾರೆ. ತಮಗಾಗಿ ಇಷ್ಟು ಅನುಭವಿಸಿದವರು ಯಾರಿದ್ದಾರೆ ಎಂದು ತಾವೇ ಎದೆ ಮುಟ್ಟಿಕೊಂಡು ಹೇಳಬೇಕು.

ಕೆಳಗಿನ ತಿರುಪು ಸಡಿಲಿಸಿದಾಗ ಹೊರಬಂದ ಕಂದು ಪ್ರವಾಹದ ವಿಡಿಯೋ ತೆಗೆದು ನಾನು ಊರಿನವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳು ಸಾಲುಸಾಲಾಗಿ ಎದ್ದವು. ಸಾಲ್ಮಿಯಾದಿಂದ ಒಬ್ಬರು, ಫಹಾಹೀಲಿನಿಂದ ಇನ್ನೊಬ್ಬರು ಫೋನು ಮಾಡಿ ಪ್ರಮಾಣ ಕೇಳಿದರು, ನಾನು ಗುರುಗಳ ಗತ್ತಿನಿಂದ ಹೇಳಿಕೊಟ್ಟೆ. ಕೊನೆಕೊನೆಗೆ ನೀರು ಕಂದು ಹೋಗಿ ಸ್ವಲ್ಪ ಬೆಳ್ಳಗೆ ಮಸುಕಾಗಿ ಬರುತ್ತಿತ್ತು ನಿಜ, ಅದು ಸೋಪಿನದಿರಬೇಕೆಂದು ಎರಡು ಸಲ ನೀರು ಬದಲಿಸಿ ಮುಚ್ಚಳ ಹಾಕಿಬಿಟ್ಟೆ. ಅಂದಿನಿಂದ ಎಂಜಿನ್ ಬಿಸಿಯಾದಾಗಲೆಲ್ಲ ಗಾಡಿಯೊಳಗೆ ಒಂದು ಪರಿಮಳ ಬರತೊಡಗಿತು. ಎಲ್ಲೋ ಬಾಳೆಕಾಯಿ ಕರಿಯುತ್ತಿದ್ದಾರೆ ಅನ್ನಿಸುವಂಥದ್ದು. ಮಮ್ಮಾಲಿಯವರು ಎರಡನೇ ದಿನವೇ, "ನಿಮ್ಮ ಗಾಡಿಯಲ್ಲಿ ಕೂತ್ರೆ ಹಸಿವಾಗ್ತದೆ ಮಾರಾಯ್ರೆ" ಎಂದರು. ಇಬ್ಬರೂ ನಕ್ಕೆವು. ನಾವು ಹಾಗೆ ನಕ್ಕದ್ದು ಅದೇ ಕೊನೆ.

ಮುಂದಿನ ಶುಕ್ರವಾರ ಮಮ್ಮಾಲಿಯವರು ಗಾಡಿ ಕೇಳಿದರು. ಅವರ ಅಕ್ಕನ ಮಗ ಅನ್ಸಾಫ್ ಎಂಬವನು ಸುಲೈಬಿಯಾದ ಉಗ್ರಾಣವೊಂದರಲ್ಲಿ ಕೆಲಸಕ್ಕಿದ್ದಾನೆ, ಜ್ವರ ಬಂದು ಕ್ಯಾಂಪಿನ ಕೋಣೆಯಲ್ಲಿ ಒಬ್ಬನೇ ಮಲಗಿದ್ದಾನೆ, ಕದೀಜಾ ಗಂಜಿ ಚಟ್ನಿ ಮಾಡಿದ್ದಾಳೆ, ಕೊಟ್ಟು ಬರುತ್ತೇನೆ ಎಂದರು. ಕದೀಜಾ ಅವರ ಹೆಂಡತಿ. ಗಾಡಿಯ ಎರಡನೇ ಕೀ ಯಾವಾಗಲೂ ಅವರ ಕೀ ಗೊಂಚಲಿನಲ್ಲೇ ಇರುತ್ತಿತ್ತು, ಆದರೂ ಕೇಳದೆ ಒಯ್ದವರಲ್ಲ. ಸಂಜೆ ಗಾಡಿ ಮರಳಿ ಬಂತು, ತೊಳೆದು, ಟ್ಯಾಂಕು ತುಂಬಿಸಿ, ಯಾವ ದೂರೂ ಇಲ್ಲದೆ. ತಾವು ಆ ದಿನವೇ ಕೆಮ್ಮಬಹುದಿತ್ತು. ಅಥವಾ ಅದರ ಹಿಂದಿನ ವಾರ, ನಾನೊಬ್ಬನೇ ಇದ್ದಾಗ ಒಂದು ಸೂಚನೆ ಕೊಡಬಹುದಿತ್ತು. ಇಲ್ಲ. ತಾವು ಭಾನುವಾರ ಬೆಳಿಗ್ಗೆಯವರೆಗೆ ಕಾದಿರಿ, ಮಿರ್ಕಾಬಿನ ದಾರಿಯ ಮಧ್ಯೆ, ಹಿಂದೆ ನೂರು ಗಾಡಿಗಳು ಹಾರ್ನ್ ಹೊಡೆಯುವ ಜಾಗದಲ್ಲಿ, ಬುಸ್ಸೆಂದು ಆವಿ ಬಿಟ್ಟಿರಿ. ಮಮ್ಮಾಲಿಯವರು ಇಳಿದು ಆ ಬಿಸಿಲಲ್ಲಿ ನನ್ನ ಜೊತೆ ಗಾಡಿ ತಳ್ಳಿ ಬದಿಗೆ ಹಾಕಿ, ಟ್ಯಾಕ್ಸಿ ಹಿಡಿದು ಅಂಗಡಿಗೆ ಹೋದರು. ಅವರ ಬಿಳಿ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಶುವೈಖಿನ ಗ್ಯಾರೇಜಿನಲ್ಲಿ ಬಾಸಿತ್ ಭಾಯಿ ಎಂಬ ಮೇಸ್ತ್ರಿ ತಮ್ಮ ಮುಚ್ಚಳ ತೆಗೆದರು. ಒಳಗೆ ಬೆಳ್ಳಗೆ ಮಂದವಾಗಿ, ಮಜ್ಜಿಗೆಹುಳಿಯಂತೆ ಏನೋ ನಿಂತಿತ್ತು. ಬಾಸಿತ್ ಭಾಯಿ ಅದನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿ, ಎರಡನೇ ಯೋಚನೆ ಮಾಡದೆ ತೀರ್ಪು ಕೊಟ್ಟರು: "ಖಲಾಸ್ ಸಾಬ್. ನೀರಲ್ಲಿ ತೇಲ್ ಬಂದಿದೆ, ಹೆಡ್ ಗ್ಯಾಸ್ಕೆಟ್ ಖಲಾಸ್. ಯಾರೋ ಗಾಡಿ ಗರಂ ಆದ ಮೇಲೂ ಓಡಿಸಿದ್ದಾರೆ." ಎಂಜಿನ್ನಿನ ಎಣ್ಣೆಯೂ ತಮ್ಮ ನೀರೂ ಬೇರೆ ಬೇರೆಯಾಗಿರುವಂತೆ ನಡುವೆ ಕಾಯುವ ತೆಳ್ಳಗಿನ ತಗಡಿನ ಹಾಳೆಗೆ ಗ್ಯಾಸ್ಕೆಟ್ ಎನ್ನುತ್ತಾರಂತೆ, ಅದು ಸುಟ್ಟರೆ ಎಂಜಿನ್ನಿನ ಕಥೆ ಮುಗಿದ ಹಾಗೆ. ಯಾರೋ ಎಂದರೆ ಯಾರು? ಹಿಂದಿನ ವಾರದಲ್ಲಿ ಗಾಡಿ ಓಡಿಸಿದವರು ಇಬ್ಬರೇ. ಅವರಲ್ಲಿ ಒಬ್ಬ ನಾನು, ಮತ್ತು ನನ್ನ ಮೇಲೆ ನನಗೆ ಯಾವ ಸಂಶಯವೂ ಇರಲಿಲ್ಲ.

ಸಂಜೆ ಲಿಫ್ಟಿನ ಎದುರು ಮಮ್ಮಾಲಿಯವರೂ ಕದೀಜಾರೂ ತರಕಾರಿ ಚೀಲ ಹಿಡಿದು ನಿಂತಿದ್ದರು. ಹಾರಿಸ್ ಇದ್ದ, ಮೇಲಿನ ಮಹಡಿಯ ಎರಡು ಸಂಸಾರ ಇತ್ತು. ನಾನು ದಾರಿಯುದ್ದಕ್ಕೂ ಕುದಿಯುತ್ತಾ ಬಂದವನು. ಬಿಸಿಯ ಮುಳ್ಳು ಏರಿದ್ದು ಕಾಣಲಿಲ್ಲವಾ, ಅಥವಾ ಗಾಡಿ ನಿಮ್ಮದಲ್ಲ ಅಂತ ನೋಡಲಿಲ್ಲವಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ. "ಇಲ್ಲ ಪೊರ್ಬುಗಳೇ, ಮುಳ್ಳು ಅಲ್ಲೇ ಮಧ್ಯದಲ್ಲಿ ಇತ್ತು, ಅಲ್ಲಾಡ್ಲಿಲ್ಲ" ಎಂದರು ಅವರು. ಹಾಗಾದರೆ ಗಾಡಿ ಸುಳ್ಳು ಹೇಳ್ತದಾ ಎಂದು ನಾನು ಕೇಳಿದೆ. ಲಿಫ್ಟು ಬಂತು, ಬಾಗಿಲು ತೆರೆದು ಮತ್ತೆ ಮುಚ್ಚಿತು, ಯಾರೂ ಹತ್ತಲಿಲ್ಲ. ಕದೀಜಾ ತಲೆ ತಗ್ಗಿಸಿ ಚೀಲದ ಹಿಡಿಯನ್ನು ಬಿಗಿ ಮಾಡಿಕೊಂಡರು. ಮಮ್ಮಾಲಿಯವರು ಜೇಬಿನಿಂದ ಕೀ ಗೊಂಚಲು ತೆಗೆದು, ಅದರಿಂದ ನಮ್ಮ ಗಾಡಿಯ ಕೀ ಒಂದನ್ನೇ ಬಿಡಿಸಲು ಬಹಳ ಹೊತ್ತು ತೆಗೆದುಕೊಂಡು, ನನ್ನ ಅಂಗೈಯಲ್ಲಿಟ್ಟು, "ಆಯ್ತು" ಎಂದರು. ಮತ್ತೆ ಇಬ್ಬರೂ ಮೆಟ್ಟಿಲಲ್ಲೇ ಹೋದರು.

ಮಾನ್ಯರೇ, ಈಗ ಹೇಳುತ್ತೇನೆ. ಹೌದು, ಗಾಡಿ ಸುಳ್ಳು ಹೇಳಿತ್ತು. ಆ ಬಿಳಿ ಮಜ್ಜಿಗೆಹುಳಿ ತೋರಿಸಿ ತಾವು ಸುಳ್ಳು ಸಾಕ್ಷಿ ನುಡಿದಿರಿ.

ಬಾಸಿತ್ ಭಾಯಿ ಎಂಜಿನ್ನಿನ ತಲೆ ಬಿಚ್ಚಿ ನೋಡಿದಾಗ ಗ್ಯಾಸ್ಕೆಟ್ ಹೊಸದರ ಹಾಗೆ ಇತ್ತು. ಅವರು ಸ್ವಲ್ಪವೂ ಮುಜುಗರಪಡದೆ, ಹೇಗೂ ಬಿಚ್ಚಿದ್ದಾಯಿತಲ್ಲ ಎಂದು ಆ ಹೊಸದರ ಹಾಗಿದ್ದದ್ದನ್ನು ಎಸೆದು ಇನ್ನೊಂದು ಹೊಸದನ್ನು ಹಾಕಿ, ತಮ್ಮನ್ನು ಹೊರತೆಗೆದು ಒಳಗೂ ಹೊರಗೂ ತೊಳೆದು ಕೂರಿಸಿ, ಹಸಿರು ಕೂಲಂಟ್ ತುಂಬಿದರು. ತೇಲ್ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, "ಹಳೇ ಗಾಡಿ ಸಾಬ್, ಆಗ್ತದೆ" ಎಂದು ಭುಜ ಕುಣಿಸಿದರು. ಆ ಉತ್ತರದಿಂದ ನಾನು ತೃಪ್ತನಾಗಿ ಮನೆಗೆ ಬಂದೆ. ಮಮ್ಮಾಲಿಯವರದ್ದೇ ತಪ್ಪು ಎಂಬ ನನ್ನ ನಂಬಿಕೆಗೆ ಅದರಿಂದ ಏನೂ ಧಕ್ಕೆಯಾಗಲಿಲ್ಲ, ಹಳೇ ಗಾಡಿಯನ್ನು ಯಾರಾದರೂ ಸುಲೈಬಿಯಾದವರೆಗೆ ಓಡಿಸುತ್ತಾರೆಯೇ ಎಂದು ನನ್ನೊಳಗೇ ಹೊಸ ವಾದ ಹೂಡಿದೆ.

ಡೆಲ್ಮಾ ಆ ಶನಿವಾರ ಮೀನು ತಂದಿದ್ದಳು. ಅಡುಗೆಮನೆಯಿಂದ ಕೂಗಿ, ಕದೀಜಾ ಕೊಟ್ಟ ಎಣ್ಣೆ ಎಲ್ಲಿ ಎಂದು ಕೇಳಿದಳು. ಯಾವ ಎಣ್ಣೆ ಎಂದೆ. ಅವಳು ಕೊಂಕಣಿಯಲ್ಲಿ ಹೇಳಿದ್ದನ್ನು ಇಲ್ಲಿ ಮರ್ಯಾದಸ್ಥ ಕನ್ನಡಕ್ಕೆ ತಂದಿದ್ದೇನೆ: "ಊರಿಂದ ಅವಳ ತಾಯಿ ಕೊಟ್ಟು ಕಳಿಸಿದ ಗಾಣದ ತೆಂಗಿನೆಣ್ಣೆ. ನಮಗೆ ಅರ್ಧ ಪಾಲು ಕೊಟ್ಟಿದ್ದಾಳಲ್ಲ, ಸ್ಟೌವಿನ ಹಿಂದೆ, ಆ ವಿನೇಗರ್ ಬಾಟ್ಲಿಯಲ್ಲಿ."

ನಾನು ಎದ್ದು ಅಡುಗೆಮನೆಗೆ ಹೋಗಿ ಸ್ಟೌವಿನ ಹಿಂದಿನ ಖಾಲಿ ಜಾಗವನ್ನು ನೋಡಿದೆ.

ತಾವು ಪರದೇಶದಲ್ಲಿ ತಯಾರಾದವರು, ತಮಗೆ ನಮ್ಮ ಮನೆಗಳ ಸಂವಿಧಾನ ತಿಳಿಯದು. ಊರಿಗೆ ಹೋಗಿ ಬಂದ ನಮ್ಮ ಹೆಂಗಸರ ಪೆಟ್ಟಿಗೆಯಲ್ಲಿ ಯಾವ ವಸ್ತುವೂ ತನ್ನ ಸ್ವಂತ ಬಾಟಲಿಯಲ್ಲಿ ಬರುವುದಿಲ್ಲ. ಪುನರ್ಪುಳಿಯ ಸಾರ ಗುಲಾಬಿ ನೀರಿನ ಬಾಟಲಿಯಲ್ಲಿ ಬರುತ್ತದೆ, ಜೇನು ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ, ಮಾವಿನ ಮಿಡಿ ಮಕ್ಕಳ ಹಾಲಿನ ಪುಡಿಯ ಡಬ್ಬದಲ್ಲಿ. ಮುಚ್ಚಳ ಬಿಗಿಯಿದೆಯೇ, ವಿಮಾನದಲ್ಲಿ ಸೋರುವುದಿಲ್ಲವೇ ಎಂಬುದಷ್ಟೇ ಲೆಕ್ಕ; ಚೀಟಿಯಲ್ಲಿ ಏನು ಬರೆದಿದೆ ಎಂಬುದು ಅಚ್ಚು ಹಾಕಿದವನ ಖಾಸಗಿ ಅಭಿಪ್ರಾಯ. ಪ್ಲಾಸ್ಟಿಕ್ಕು, ಟೇಪು, ಹಳೆಯ ಲುಂಗಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ಕು ಸುತ್ತಿ ಬಂದ ಆ ಬಾಟಲಿ ಬಿಚ್ಚಿದ ಮೇಲೆ ಅದರೊಳಗೆ ಏನಿದೆಯೆಂದು ಮನೆಯ ಚಿಕ್ಕ ಮಗುವಿಗೂ ಗೊತ್ತಿರುತ್ತದೆ. ಅಂಥ ಮನೆಯಲ್ಲಿ ಇಷ್ಟು ವರ್ಷ ಉಂಡವನು ನಾನು ಬಾಟಲಿಯ ಚೀಟಿ ಓದಿ ನಂಬಿದೆ. ಹಿಮದ ದೇಶದವನ ವಿಡಿಯೋ ನೋಡುತ್ತಾ ನೋಡುತ್ತಾ ನನಗೂ ಅವನದೇ ಬುದ್ಧಿ ಬಂದಿರಬೇಕು. ಫರಂಗಿಪೇಟೆಯಲ್ಲಿ ಒಬ್ಬ ಮುದುಕಿ ತನ್ನ ಹಿತ್ತಿಲಿನ ಕಾಯಿ ಒಣಗಿಸಿ, ಗಾಣಕ್ಕೆ ಕೊಟ್ಟು, ಸೋಸಿ, ಮಗಳ ಕೈಯಲ್ಲಿ ಕಳಿಸಿದ ಎಣ್ಣೆಯನ್ನು ತಮಗೆ ಕುಡಿಸಿ, ಅದು ಸೋಪಿನ ಜೊತೆ ಕಲೆತು ಬೆಳ್ಳಗಾಗಿ ತಮ್ಮ ಹೊಟ್ಟೆ ಕಟ್ಟಿದಾಗ, ಅದರ ತಪ್ಪನ್ನು ಆ ಮುದುಕಿಯ ಅಳಿಯನ ತಲೆಗೆ ಕಟ್ಟಿದೆ.

ಆದರೆ ಈ ಪತ್ರ ನನ್ನ ಕುರಿತಾದದ್ದಲ್ಲ, ತಮ್ಮ ಕುರಿತಾದದ್ದು. ಅದನ್ನು ತಾವೂ ಮರೆಯಬಾರದು, ನಾನೂ ಮರೆಯಬಾರದು.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಾವು ದಯಮಾಡಿ ತಮ್ಮನ್ನು ಹಿಡಿದಿರುವ ಬೋಲ್ಟುಗಳನ್ನು ತಾವೇ ಬಿಚ್ಚಿಕೊಂಡು, ಲಿಫ್ಟಿನಲ್ಲಿ ಮೇಲೆ ಬಂದು, ಮಮ್ಮಾಲಿಯವರ ಬಾಗಿಲಿನ ಬೆಲ್ಲು ಒತ್ತಿ, ಆ ದಿನ ಮುಳ್ಳು ಮಧ್ಯದಲ್ಲೇ ಇತ್ತು, ಅಲ್ಲಾಡಲಿಲ್ಲ ಎಂದು ಅವರ ಎದುರು ಪ್ರಮಾಣ ಮಾಡಬೇಕು. ಲಿಫ್ಟಿನ ಎದುರು ಆ ಸಂಜೆ ಇದ್ದವರೆಲ್ಲರನ್ನೂ ಅದೇ ಜಾಗದಲ್ಲಿ, ಅದೇ ಚೀಲಗಳ ಸಮೇತ ಮತ್ತೆ ನಿಲ್ಲಿಸಿ, ನಾನು ಆಡಿದ ಮಾತು ಇನ್ನೂ ನನ್ನ ಬಾಯಲ್ಲೇ ಇರುವಂತೆ ಏರ್ಪಾಡು ಮಾಡಬೇಕು. ಎಣ್ಣೆಗೂ ನೀರಿಗೂ ನಡುವೆ ಗ್ಯಾಸ್ಕೆಟ್ ಇರುವ ಹಾಗೆ ಸಿಟ್ಟಿಗೂ ನಾಲಿಗೆಗೂ ನಡುವೆ ಒಂದನ್ನು ಹಾಕಿಕೊಡುವ ಮೇಸ್ತ್ರಿ ಈ ಊರಿನಲ್ಲಿ ಎಲ್ಲಿದ್ದಾನೆಂದು ತಮ್ಮ ವಲಯದಲ್ಲಿ ವಿಚಾರಿಸಿ ತಿಳಿಸಬೇಕು. ಇದ್ಯಾವುದೂ ತಮ್ಮ ಕೈಯಲ್ಲಿ ಆಗದಿದ್ದರೆ, ಕನಿಷ್ಠ ಪಕ್ಷ, ಹುಟ್ಟುವಾಗಲೇ ತುಕ್ಕು ಹಿಡಿಸಿಕೊಂಡು ಬಂದಿದ್ದೆ, ನೊರ್ಬರ್ಟನದು ಇದರಲ್ಲಿ ಏನೂ ಇಲ್ಲ ಎಂದು ಒಂದು ಹೇಳಿಕೆ ಕೊಡಬೇಕು. ಅದನ್ನು ನಾನು ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಸಾಲ್ಮಿಯಾದವರೂ ಫಹಾಹೀಲಿನವರೂ ಅದೇ ಪ್ರಮಾಣದಲ್ಲಿ ಹಾಕಿ ಈಗ ದಿನಕ್ಕೆರಡು ಸಲ ಫೋನು ಮಾಡುತ್ತಿರುವುದರಿಂದ ಇದು ಸ್ವಲ್ಪ ತುರ್ತಿನ ವಿಷಯ.

ತಮ್ಮ ಬಗ್ಗೆ ನನಗೆ ವೈಯಕ್ತಿಕವಾಗಿ ಯಾವ ದ್ವೇಷವೂ ಇಲ್ಲ. ತಪಾಸಣೆಯಲ್ಲಿ ತಾವು ಪಾಸಾದಿರಿ, ಅಲ್ಲಿಯ ಅಧಿಕಾರಿ ತಮ್ಮೊಳಗೆ ಟಾರ್ಚು ಬಿಟ್ಟು ನೋಡಿ ತಲೆದೂಗಿದರು. ತಮ್ಮ ಹಸಿರು ನೀರು ಈಗ ಎಷ್ಟು ತಿಳಿಯಾಗಿದೆಯೆಂದರೆ ಬಗ್ಗಿದವನ ಮುಖ ಅದರಲ್ಲಿ ಕಾಣುತ್ತದೆ. ಆ ಸೌಕರ್ಯ ನನಗೆ ಬೇಕಿರಲಿಲ್ಲ. ಈ ನಡುವೆ ಗಾಡಿಯೊಳಗೆ ಎ.ಸಿ.ಯ ಸದ್ದಲ್ಲದೆ ಇನ್ನೇನೂ ಕೇಳುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಚಹಾಕ್ಕೆಂದು ಕೈ ಬಲಕ್ಕೆ ಹೋಗಿ ಬರಿದೇ ಹಿಂದೆ ಬರುತ್ತದೆ. ನನಗೆ ಬಹಳ ಬೇಜಾರಾಗಿದೆ. ಇದನ್ನು ಸೊಗಸಾಗಿ ಹೇಳುವುದು ಹೇಗೆಂದು ತಿಳಿಯದೆ ಹಾಗೆಯೇ ಬರೆದಿದ್ದೇನೆ, ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದುವರೆಗೆ ನಾನು ಕೊಟ್ಟದ್ದನ್ನೆಲ್ಲ ಹಾಕಿಕೊಂಡಿದ್ದೀರಿ, ಇದು ತಮಗೆ ಭಾರವಾಗಲಾರದು.

ತಮ್ಮ ತುಕ್ಕಿಗೆ ಕಾರಣನೂ ತಮ್ಮ ತೊಳೆತಕ್ಕೆ ಗುತ್ತಿಗೆದಾರನೂ ಆಗಿ, ಎರಡರಲ್ಲಿಯೂ ನಿರಪರಾಧಿಯೆಂದು ಸಾಧಿಸಲು ಇಷ್ಟು ಪುಟ ಖರ್ಚು ಮಾಡಿದ,

ತಮ್ಮ ವಿಶ್ವಾಸಿ,
ನೊರ್ಬರ್ಟ್ ಮೊಂತೇರೊ
ಮೈದಾನ್ ಹವಲ್ಲಿ, ಕುವೈತ್

ತಾ.ಕ.: ಗುಂಪಿಗೆ ಹಾಕುವ ಮೊದಲು ಈ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಸ್ಯಾಂಡ್ರಾ ಕನ್ನಡವನ್ನು ಪೂರ್ತಿ ಕೇಳಿಸಿಕೊಂಡು, ತನ್ನ ಫೋನಿನಿಂದ ತಲೆ ಎತ್ತದೆ, "ಡ್ಯಾಡಾ, ಜಸ್ಟ್ ಗೋ ಅಂಡ್ ಸೇ ಸಾರಿ" ಎಂದಳು. ಡೆಲ್ಮಾ, ರೇಡಿಯೇಟರಿಗೆ ಕಿವಿ ಇಲ್ಲ, ಕೆಳಗಿನ ಮನೆಯಲ್ಲಿ ಇಬ್ಬರಿಗೆ ಉಂಟು ಎಂದು ಹೇಳಿ ಬಾಗಿಲು ತೆರೆದು ಹಿಡಿದಳು. ಬೇರೆ ದಾರಿ ಇಲ್ಲದೆ ಇಳಿದು ಹೋದೆ. ಎಲ್ಲವನ್ನೂ ಹೇಳಿದೆ, ಸೋಪು, ಹೀಟರು, ಬಾಟಲಿ, ಎಲ್ಲ. ಕದೀಜಾ ಅಡುಗೆಮನೆಯೊಳಗೆ ಹೋಗಿ ನಗುವುದು ಹೊರಗೆ ಕೇಳುತ್ತಿತ್ತು. ಮಮ್ಮಾಲಿಯವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಎಣ್ಣೆದು ಬಿಡಿ ಪೊರ್ಬುಗಳೇ, ಅದು ಯಾರಿಗೂ ಆಗ್ತದೆ. ಒಂದು ಮಾತ್ರ ಹೇಳಿ. ಗಾಡಿ ನನ್ನ ಕೈಯಲ್ಲೇ ಹಾಳಾಗಿದ್ರೂ, ನಾನು ನಿಮ್ಮತ್ರ ಹೇಳದೆ ಕೀ ಜೇಬಿಗೆ ಹಾಕಿ ಸುಮ್ಮನೆ ಇರುವ ಜನ ಅಂತ ನಿಮಗೆ ಹೇಗೆ ಅನ್ನಿಸಿತು?" ಎಂದು ಕೇಳಿದರು. ಮಾನ್ಯರೇ, ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ನಾಳೆ ಬೆಳಿಗ್ಗೆ ಏಳು ಗಂಟೆಯೊಳಗೆ ತಪ್ಪದೆ ತಿಳಿಸಬೇಕು. ಏಳು ಗಂಟೆಗೆ ಅವರು ಕೆಳಗೆ ಗಾಡಿಯ ಹತ್ತಿರ ಬರುತ್ತೇನೆ ಎಂದಿದ್ದಾರೆ.